ಒಪಿಟಿ ಕೆಲಸದ ಅನುಮತಿ ಬೇಗ ಪಡೆಯಲು ಮಾಡಬೇಕಾದದ್ದು

ಮೈಸೂರು, ಮಂಡ್ಯದ ಕಾಲೇಜುಗಳಲ್ಲಿ ಬಿ.ಇ. ಮುಗಿಸಿ ಎಂ.ಎಸ್. ಓದಲು ಅಮೆರಿಕಕ್ಕೆ ಹೋದವರು ಪದವಿಯ ನಂತರ ಒಪಿಟಿ (ಓದಿದ ವಿಷಯದಲ್ಲೇ ತಾತ್ಕಾಲಿಕವಾಗಿ ಕೆಲಸ ಮಾಡಲು ವಿದ್ಯಾರ್ಥಿಗಳಿಗಿರುವ ಅವಕಾಶ) ಅಡಿಯಲ್ಲಿ ಕೆಲಸಕ್ಕೆ ಸೇರಬೇಕಾದರೆ, ಅಲ್ಲಿನ ವಲಸೆ ಇಲಾಖೆಯಾದ ಯುಎಸ್‌ಸಿಐಎಸ್ ಕೊಡುವ ಇಎಡಿ ಕಾರ್ಡ್, ಅಂದರೆ ಕೆಲಸದ ಅನುಮತಿ ಪತ್ರ, ಮೊದಲು ಕೈಸೇರಬೇಕು. 2023ರಿಂದ ಈ ಅರ್ಜಿಗೂ ಪ್ರೀಮಿಯಂ ಪ್ರೊಸೆಸಿಂಗ್, ಅಂದರೆ ಹೆಚ್ಚಿನ ಶುಲ್ಕಕ್ಕೆ ಬೇಗ ಪರಿಶೀಲಿಸುವ, ಸೌಲಭ್ಯವಿದೆ. ಆದರೆ ಹೆಚ್ಚಿನ ಹಣ ಕಟ್ಟುವ ಮೊದಲು, ಖರ್ಚಿಲ್ಲದೆ ಉಳಿಸಬಹುದಾದ ದಿನಗಳನ್ನು ಉಳಿಸಿಕೊಳ್ಳುವುದೇ ಜಾಣತನ ಎಂಬುದು ನನ್ನ ಖಚಿತ ಅಭಿಪ್ರಾಯ.

ಕೋರ್ಸ್ ಮುಗಿಯುವ ದಿನಾಂಕಕ್ಕೆ 90 ದಿನ ಮೊದಲಿನಿಂದ, ಮುಗಿದ ನಂತರದ 60 ದಿನಗಳವರೆಗೆ ಇಎಡಿ ಕಾರ್ಡಿಗಾಗಿ ಇರುವ ಐ-765 ಅರ್ಜಿ ಸಲ್ಲಿಸಬಹುದು. ಅವಕಾಶ ತೆರೆದ ಮೊದಲ ವಾರದಲ್ಲೇ ಸಲ್ಲಿಸಿದವರಿಗೆ ಎಷ್ಟೋ ಸಲ ಪ್ರೀಮಿಯಂ ಅಗತ್ಯವೇ ಬೀಳುವುದಿಲ್ಲ. ಅದಕ್ಕೂ ಮುನ್ನ ವಿಶ್ವವಿದ್ಯಾಲಯದ ಡಿಎಸ್‌ಒ (ವಿದೇಶಿ ವಿದ್ಯಾರ್ಥಿಗಳ ವ್ಯವಹಾರ ನೋಡಿಕೊಳ್ಳುವ ಅಧಿಕಾರಿ) ಒಪಿಟಿ ಶಿಫಾರಸನ್ನು ಸೆವಿಸ್ ಎಂಬ ಸರ್ಕಾರಿ ವಿದ್ಯಾರ್ಥಿ ದಾಖಲೆ ವ್ಯವಸ್ಥೆಯಲ್ಲಿ ದಾಖಲಿಸಿ, ವಿದ್ಯಾರ್ಥಿ ಅರ್ಹತೆಯ ಪತ್ರವಾದ ಐ-20 ಅನ್ನು ಹೊಸದಾಗಿ ಕೊಟ್ಟಿರಬೇಕು. ಆ ದಾಖಲೆಯಾದ 30 ದಿನಗಳೊಳಗೆ ಅರ್ಜಿ ಇಲಾಖೆಗೆ ತಲುಪದಿದ್ದರೆ ಅದು ತಿರಸ್ಕೃತವಾಗುತ್ತದೆ. ಈ ಗಡುವನ್ನು ದಯವಿಟ್ಟು ಹಗುರವಾಗಿ ಕಾಣಬೇಡಿ.

ನಮ್ಮ ಕಡೆಯವರು ವಿಶೇಷವಾಗಿ ಗಮನಿಸಬೇಕಾದದ್ದು ಹೆಸರು. ತಂದೆಯ ಅಥವಾ ಊರಿನ ಹೆಸರನ್ನು ಇನಿಷಿಯಲ್ ಆಗಿ ಇಟ್ಟುಕೊಳ್ಳುವುದು ನಮ್ಮಲ್ಲಿ ರೂಢಿ. ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿ ಬಿಟ್ಟಿದ್ದರೆ ವೀಸಾದಲ್ಲಿ ಮೊದಲ ಹೆಸರಿನ ಬದಲು ‘ಎಫ್‌ಎನ್‌ಯು’ (ಮೊದಲ ಹೆಸರು ತಿಳಿದಿಲ್ಲ) ಎಂದು ಬಂದಿರುತ್ತದೆ. ಪಾಸ್‌ಪೋರ್ಟ್, ಐ-20, ಐ-94 (ಅಮೆರಿಕ ಪ್ರವೇಶದ ದಾಖಲೆ) ಮೂರನ್ನೂ ಎದುರಿಗಿಟ್ಟುಕೊಂಡು ಅಕ್ಷರ ಅಕ್ಷರವೂ ತಾಳೆ ನೋಡಿ, ವ್ಯತ್ಯಾಸವಿದ್ದರೆ ಡಿಎಸ್‌ಒ ಅವರನ್ನು ಕೇಳಿದ ಮೇಲೆಯೇ ಅರ್ಜಿ ತುಂಬಿರಿ. ವರ್ಗದ ಸಂಕೇತವೂ ಸರಿಯಿರಲಿ: ಪದವಿಯ ನಂತರದ ಒಪಿಟಿಗೆ ಸಿ-3-ಬಿ, ವಿಜ್ಞಾನ, ತಂತ್ರಜ್ಞಾನ, ಎಂಜಿನಿಯರಿಂಗ್, ಗಣಿತ ಓದಿದವರಿಗಿರುವ ಸ್ಟೆಮ್ ವಿಸ್ತರಣೆಗೆ ಸಿ-3-ಸಿ.

ಕೆಲಸಕ್ಕೆ ಸೇರುವ ದಿನ ನಿಗದಿಯಾಗಿದ್ದು, ಅರ್ಜಿ ತಡವಾಗಿದೆ ಎನ್ನಿಸಿದರೆ ಪ್ರೀಮಿಯಂ ಪ್ರೊಸೆಸಿಂಗ್ ಕೋರುವ ಐ-907 ಅರ್ಜಿ ಸಲ್ಲಿಸಿ. ಇದನ್ನು ಐ-765 ಜೊತೆಗೂ ಕೊಡಬಹುದು, ಈಗಾಗಲೇ ಬಾಕಿಯಿರುವ ಅರ್ಜಿಗೆ ಆಮೇಲೂ ಸೇರಿಸಬಹುದು. 2024ರ ಫೆಬ್ರವರಿಯಲ್ಲಿ ಇದರ ಶುಲ್ಕ 1,500 ಡಾಲರಿನಿಂದ 1,685 ಡಾಲರಿಗೆ ಏರಿತು. ಆಗಾಗ ಪರಿಷ್ಕರಣೆಯಾಗುವುದರಿಂದ ಕಟ್ಟುವ ದಿನದ ಮೊತ್ತವನ್ನು ಯುಎಸ್‌ಸಿಐಎಸ್ ತಾಣದಲ್ಲೇ ನೋಡಿಕೊಳ್ಳಿ. ಐ-765ರ ಶುಲ್ಕ ಇದರಿಂದ ಬೇರೆ. ಊರಿನಲ್ಲಿರುವ ತಂದೆ-ತಾಯಿಯ ಕಾರ್ಡಿನಿಂದ ಹಣ ಕಟ್ಟುವುದಾದರೆ, ಅಂಥ ಕಾರ್ಡನ್ನು ಇಲಾಖೆ ಒಪ್ಪುತ್ತದೆಯೇ ಎಂದು ಮೊದಲು ನೋಡಿಕೊಳ್ಳಿ; ಅದರಲ್ಲಿ ವಿದೇಶಿ ವಹಿವಾಟಿಗೆ ಅವಕಾಶವಿದೆಯೇ, ಮಿತಿ ಸಾಲುತ್ತದೆಯೇ ಎಂದು ಬ್ಯಾಂಕಿನಲ್ಲಿ ಮೊದಲೇ ವಿಚಾರಿಸಿಡಲಿ.

ಇಷ್ಟು ಹಣ ಕಟ್ಟಿದರೆ ಸಿಗುವುದು 30 ಕೆಲಸದ ದಿನಗಳೊಳಗೆ, ಅಂದರೆ ಸುಮಾರು ಆರು ವಾರಗಳಲ್ಲಿ, ಒಂದು ಉತ್ತರ ಮಾತ್ರ. ಅದು ಮಂಜೂರಾತಿಯೇ ಆಗಬೇಕೆಂದಿಲ್ಲ. ಹೆಚ್ಚಿನ ದಾಖಲೆ ಕೇಳುವ ಪತ್ರವೂ ಆಗಬಹುದು, ಮತ್ತು ಆಗ ನಿಮ್ಮ ಉತ್ತರ ತಲುಪಿದ ಮೇಲೆ ಗಡುವು ಹೊಸದಾಗಿ ಶುರುವಾಗುತ್ತದೆ. ಇಲಾಖೆಯೇ ಗಡುವು ಮೀರಿದರೆ ಪ್ರೀಮಿಯಂ ಶುಲ್ಕ ವಾಪಸಾಗುತ್ತದೆ, ಅರ್ಜಿ ತಿರಸ್ಕೃತವಾದರೆ ಆಗುವುದಿಲ್ಲ.

ಮಂಜೂರಾದ ನಂತರ ಕಾರ್ಡ್ ಮುದ್ರಣವಾಗಿ ಅಂಚೆಯಲ್ಲಿ ಬರಬೇಕು. ಆ ಅವಧಿ ಈ 30 ದಿನಗಳಲ್ಲಿ ಸೇರಿಲ್ಲ. ಪದವಿ ಮುಗಿದೊಡನೆ ಮನೆ ಬದಲಿಸುವವರು ಹೊಸ ವಿಳಾಸವನ್ನು ಇಲಾಖೆಗೂ ಅಂಚೆಗೂ ತಿಳಿಸಿ, ಅಂಚೆಪೆಟ್ಟಿಗೆಯ ಮೇಲೆ ಅರ್ಜಿಯಲ್ಲಿರುವ ಹೆಸರನ್ನೇ ಅಂಟಿಸಬೇಕು. ಕಾರ್ಡ್ ಕೈಗೆ ಬಂದು, ಅದರಲ್ಲಿ ನಮೂದಾದ ಆರಂಭದ ದಿನಾಂಕವೂ ಬಂದ ಮೇಲಷ್ಟೇ ಕೆಲಸ ಶುರುಮಾಡಿ.