ಗ್ರಾಹಕರ ಡೇಟಾ ಶೀಟ್ ಹಂಚಿಕೊಳ್ಳುವ ಮುನ್ನ

ಈ ಎಕ್ಸೆಲ್ ಶೀಟಿನಿಂದ ಯಾವ ತೀರ್ಮಾನ ಆಗಬೇಕು ಎಂದು ಮೊದಲು ಕೇಳಿಕೊಳ್ಳಿ. ಅದಕ್ಕೆ ಬೇಡದ ಕಾಲಂಗಳನ್ನು ಅಳಿಸಿ. ಹೈಡ್ ಮಾಡಿದರೆ ಸಾಲದು. ಫೈಲ್ ಸಿಕ್ಕವರು ಯಾರು ಬೇಕಾದರೂ ಅನ್‌ಹೈಡ್ ಮಾಡಬಹುದು. ಪಿವಟ್ ಟೇಬಲ್ (ದಾಖಲೆಗಳನ್ನು ಗುಂಪು ಮಾಡಿ ಮೊತ್ತ ತೋರಿಸುವ ಸಾರಾಂಶ ಕೋಷ್ಟಕ) ಇನ್ನೂ ಅಪಾಯ: ಮೂಲ ಶೀಟ್ ಅಳಿಸಿದರೂ ಅದರ ದಾಖಲೆಗಳು ಒಳಗೇ ಉಳಿದಿರಬಹುದು. ಒಟ್ಟು ಮೊತ್ತದ ಮೇಲೆ ಡಬಲ್ ಕ್ಲಿಕ್ ಮಾಡಿದರೆ ಹೆಸರು, ಫೋನ್ ನಂಬರ್ ಸಮೇತ ಎಲ್ಲವೂ ಹೊರಬರುತ್ತವೆ. ಹಾಗಾಗಿ ಹೊಸ ಫೈಲಿಗೆ ಪೇಸ್ಟ್ ಸ್ಪೆಷಲ್‌ನಲ್ಲಿ ವ್ಯಾಲ್ಯೂಸ್ (ಕಾಣುವ ಮೌಲ್ಯಗಳು) ಮಾತ್ರ ಹಾಕಿ ಕಳಿಸಿ. ಹೆಸರು ತೆಗೆದರೂ ಹುಟ್ಟಿದ ದಿನಾಂಕ, ಬಡಾವಣೆ ಎರಡೂ ಉಳಿದರೆ ವ್ಯಕ್ತಿಯ ಗುರುತು ಸಿಕ್ಕಿಬಿಡಬಹುದು. ಬಹುತೇಕ ವರದಿಗಳಿಗೆ ವಯಸ್ಸಿನ ಗುಂಪು ಸಾಕು.

ಇನ್ನು ನಿಖರತೆ. ಎಕ್ಸೆಲ್ ಸಂಖ್ಯೆಯಲ್ಲಿ 15 ಅಂಕಿ ಮಾತ್ರ ಉಳಿಸಿಕೊಳ್ಳುತ್ತದೆ. 16 ಅಂಕಿಯ ಖಾತೆ ಸಂಖ್ಯೆಯ ಕೊನೆಯದು ಸದ್ದಿಲ್ಲದೆ ಸೊನ್ನೆಯಾಗುತ್ತದೆ. ನಂಬರ್ ತುಂಬುವ ಮೊದಲೇ ಆ ಕಾಲಮ್ಮಿಗೆ ಟೆಕ್ಸ್ಟ್ ಫಾರ್ಮ್ಯಾಟ್ ಕೊಡಿ. ಆಮೇಲೆ ಬದಲಿಸಿದರೆ ಹೋದ ಅಂಕಿ ಮರಳುವುದಿಲ್ಲ.