ಗುಜರಿ ಹಿತ್ತಾಳೆಯಿಂದ ಗಾಳದ ಜಿಗ್

ನೀರು ತುಂಬಿದ ಡ್ರಮ್ಮಿಗೆ ಒಂದು ಮೊಳೆಯನ್ನೂ ಒಂದು ಚಮಚವನ್ನೂ ಬಿಟ್ಟು ನೋಡಿ. ಮೊಳೆ ನೆಟ್ಟಗೆ ತಳ ಸೇರುತ್ತದೆ. ಚಮಚ ಅತ್ತ ಹೊರಳಿ, ಇತ್ತ ಜಾರಿ, ಮಿನುಗುತ್ತಾ ಇಳಿಯುತ್ತದೆ. ಮೀನು ನುಗ್ಗುವುದು ಚಮಚದ ಮೇಲೆ. ಗಾಯಗೊಂಡ ಬೂತಾಯಿ ಮೀನು ನೀರಿನಲ್ಲಿ ಇಳಿಯುವುದು ಹೀಗೆಯೇ. ಜಿಗ್ ಎಂಬ ಲೋಹದ ಹುಸಿಮೀನಿನ ಗುಟ್ಟೆಲ್ಲ ಈ ಬೀಳುವಿಕೆಯಲ್ಲಿದೆ.

ಕರಾವಳಿಯಲ್ಲಿ ಯಾಂತ್ರೀಕೃತ ದೋಣಿಗಳಿಗೆ ಜೂನ್ 1ರಿಂದ ಜುಲೈ 31ರ ವರೆಗೆ ಮೀನುಗಾರಿಕೆ ನಿಷೇಧ. ಬಲೆಯವರು ಆಗ ಬಲೆ ರಿಪೇರಿಗೆ ಕೂರುತ್ತಾರೆ. ದಡದಿಂದ ಗಾಳ ಎಸೆಯುವ ನಾನು ಆಟಿಯ ಮಳೆಯಲ್ಲಿ ಜಾಲರಿ ಹಾಕಿದ ಜಗಲಿಯಲ್ಲಿ ಕುಳಿತು ಅರ ಹಿಡಿಯುತ್ತೇನೆ. ಅಂಗಡಿಯಲ್ಲಿ ಒಂದು ಜಿಗ್‌ಗೆ ನೂರಿನ್ನೂರು ರೂಪಾಯಿ ತೆರಬೇಕು. ಅದು ಬಂಡೆಗೆ ಸಿಕ್ಕಿಕೊಂಡರೆ ದಾರ ಕತ್ತರಿಸದೆ ದಾರಿಯಿಲ್ಲ. ಕಳೆದುಕೊಳ್ಳುವ ಭಯವಿದ್ದವನು ಮೀನಿರುವ ಬಂಡೆಯ ಹತ್ತಿರ ಎಸೆಯುವುದೇ ಇಲ್ಲ. ಮನೆಯಲ್ಲಿ ಮಾಡಿದ ಜಿಗ್ ಆ ಭಯವನ್ನು ಕಳೆಯುತ್ತದೆ.

ಯಾವ ಲೋಹ?

ಹೆಚ್ಚಿನವರ ಮನಸ್ಸು ಮೊದಲು ಹೋಗುವುದು ಸೀಸದ ಕಡೆಗೆ. ಅದು ಸುಮಾರು 327 ಡಿಗ್ರಿ ಸೆಲ್ಸಿಯಸ್‌ಗೆ ಕರಗುತ್ತದೆ, ಅಚ್ಚಿಗೆ ಸುರಿಯುವುದು ಸುಲಭ. ಆದರೂ ಮನೆಯಲ್ಲಿ ಸೀಸ ಕರಗಿಸಬೇಡಿ ಎಂದೇ ನಾನು ಹೇಳುತ್ತೇನೆ. ಅದರ ಹೊಗೆಯೂ ಧೂಳೂ ವಿಷ, ಮಕ್ಕಳಿಗಂತೂ ಬಹಳ ಅಪಾಯ. ಮಳೆಗಾಲದಲ್ಲಿ ಅಚ್ಚಿನಲ್ಲಿ ಒಂದು ಹನಿ ನೀರಿದ್ದರೂ ಅದು ಆವಿಯಾಗಿ, ಕಾದ ಸೀಸ ಮುಖಕ್ಕೆ ಸಿಡಿಯುತ್ತದೆ. ನೀರಿನಲ್ಲಿ ಉಳಿದ ಸೀಸವೂ ಸುಮ್ಮನಿರುವುದಿಲ್ಲ. ಗಾಳಕ್ಕೆ ಭಾರವಾಗಿ ಕಟ್ಟುವ ಸಣ್ಣ ಸೀಸದ ಗುಂಡುಗಳನ್ನು ನುಂಗಿ ಹಂಸಗಳು ಸಾಯುತ್ತಿದ್ದುದರಿಂದ ಇಂಗ್ಲೆಂಡಿನಲ್ಲಿ 1987ರಲ್ಲೇ ಆ ಗುಂಡುಗಳ ಮಾರಾಟವನ್ನು ನಿಷೇಧಿಸಿದರು.

ನನ್ನ ಆಯ್ಕೆ 10 ಮಿಲಿಮೀಟರ್ ದಪ್ಪದ ಹಿತ್ತಾಳೆ ಸರಳು. ಗುಜರಿ ಅಂಗಡಿಯಲ್ಲಿ ತೂಕದ ಲೆಕ್ಕದಲ್ಲಿ ಸಿಗುತ್ತದೆ. 60 ಮಿಲಿಮೀಟರ್ ಉದ್ದದ ತುಂಡು ಸುಮಾರು 40 ಗ್ರಾಂ ತೂಗುತ್ತದೆ, ಅಂದರೆ ಒಂದು ಕಿಲೋದಲ್ಲಿ 25 ತುಂಡು. ಸ್ಟೇನ್‌ಲೆಸ್ ಸ್ಟೀಲ್ ತುಕ್ಕು ಹಿಡಿಯುವುದಿಲ್ಲ, ನಿಜ, ಆದರೆ ಕೈ ಅರಕ್ಕೆ ಅಷ್ಟು ಬೇಗ ಬಗ್ಗುವುದಿಲ್ಲ. ಹಿತ್ತಾಳೆ ಮೃದು.

ಕೊಯ್ಯುವುದು, ಅರ ಹಾಕುವುದು

ಬೇಕಾದದ್ದು ಒಂದು ವೈಸ್, ಲೋಹ ಕೊಯ್ಯುವ ಗರಗಸ, ಒರಟು ಮತ್ತು ನಯವಾದ ಎರಡು ಅರ, ಬೈರಿಗೆ ಯಂತ್ರ. ಕನ್ನಡಕ, ಮಾಸ್ಕ್ ಹಾಕಿಕೊಳ್ಳಿ. ಅನೇಕ ಹಿತ್ತಾಳೆ ಸರಳುಗಳಲ್ಲಿ ಸ್ವಲ್ಪ ಸೀಸವೂ ಬೆರೆತಿರುತ್ತದೆ, ಆದ್ದರಿಂದ ಪುಡಿಯನ್ನು ಕಾಗದದ ಮೇಲೆ ಹಿಡಿದು ಮಡಚಿ ಎಸೆಯಿರಿ, ಕೈ ತೊಳೆಯದೆ ಊಟಕ್ಕೆ ಕೂರಬೇಡಿ.

ತುಂಡು ಕೊಯ್ದ ಮೇಲೆ ಒಂದು ಬದಿಯನ್ನು ಉದ್ದಕ್ಕೂ 3 ಮಿಲಿಮೀಟರ್ ಆಳಕ್ಕೆ ಅರ ಹಾಕಿ ಚಪ್ಪಟೆ ಮಾಡಿ. ಎದುರು ಬದಿ ದುಂಡಗೇ ಇರಲಿ. ಎರಡೂ ಬದಿ ಬೇರೆ ಬೇರೆಯಾಗಿದ್ದರೆ ನೀರು ಅದನ್ನು ಒಂದೇ ಸಮನೆ ತಳ್ಳಲಾರದು, ಜಿಗ್ ಹೊರಳುತ್ತದೆ. ನನ್ನ ಮೊದಲ ನಾಲ್ಕು ಜಿಗ್‌ಗಳಿಗೆ ಎರಡೂ ಬದಿ ಅಚ್ಚುಕಟ್ಟಾಗಿ ಒಂದೇ ಥರ ಕೂರಿಸಿ, ಮೂರು ಬಣ್ಣ ಬಳಿದಿದ್ದೆ. ಮೊಳೆಯಂತೆ ಇಳಿದವು, ಎಳೆಯುವಾಗ ಬುಗುರಿಯಂತೆ ತಿರುಗಿ ತಂಗೂಸನ್ನೆಲ್ಲ (ಗಾಳದ ನೈಲಾನ್ ದಾರ) ಹುರಿಗಟ್ಟಿಸಿದವು. ಒಂದು ಮೀನೂ ಮೂಸಿ ನೋಡಲಿಲ್ಲ.

ಬಳಿಕ ಎರಡೂ ತುದಿಗಳನ್ನು 3 ಮಿಲಿಮೀಟರ್ ದಪ್ಪಕ್ಕೆ ಇಳಿಸಿ. ದಾರ ಕಟ್ಟುವ ತಲೆಯ ಕಡೆ ಇಳಿಜಾರು ಉದ್ದವಾಗಿರಲಿ, ಬಾಲದ ಕಡೆ ಗಿಡ್ಡವಾಗಿರಲಿ. ಆಗ ಭಾರ ಸ್ವಲ್ಪ ಬಾಲಕ್ಕೆ ಸರಿಯುತ್ತದೆ. ಚಾಕುವಿನ ಬೆನ್ನಿನ ಮೇಲೆ ಜಿಗ್ಗನ್ನು ಅಡ್ಡಲಾಗಿಟ್ಟು ತೂಗಿ ನೋಡಿ. ನಡುವಿನಿಂದ ಐದು ಮಿಲಿಮೀಟರ್ ಬಾಲದ ಕಡೆ ಸಮತೂಕ ಸಿಕ್ಕರೆ ದಡದಿಂದ ಎಸೆಯಲು ಹದವಾಗಿದೆ: ಗಾಳಿಯಲ್ಲಿ ದೂರ ಹೋಗುತ್ತದೆ, ನೀರಿನಲ್ಲಿ ಹೊರಳುವುದನ್ನೂ ಬಿಡುವುದಿಲ್ಲ. ದೋಣಿಯಿಂದ ನೇರವಾಗಿ ಇಳಿಸುವವರು ಭಾರವನ್ನು ನಟ್ಟನಡುವೆ ಇಟ್ಟುಕೊಳ್ಳಲಿ. ಈಗ ತೂಕ 25 ಗ್ರಾಂ ಆಸುಪಾಸಿಗೆ ಬಂದಿರುತ್ತದೆ.

ಬಣ್ಣದ ಡಬ್ಬಿ ತೆರೆಯುವ ಮೊದಲು ತಲೆಗೆ ಅಂಟುಪಟ್ಟಿಯಲ್ಲಿ ದಾರ ಅಂಟಿಸಿ ಡ್ರಮ್ಮಿಗೆ ಬಿಡಿ. ಬಾವಿಯಿದ್ದರೆ ಇನ್ನೂ ಒಳ್ಳೆಯದು. ಮಧ್ಯಾಹ್ನದ ಬಿಸಿಲು ಬಾವಿಯೊಳಗೆ ಇಳಿದ ಹೊತ್ತಿನಲ್ಲಿ ನೋಡಿ: ಚಪ್ಪಟೆ ಬದಿ ಮೇಲೆ ಬಂದಾಗ ಫಳಕ್ಕೆನ್ನುತ್ತದೆ, ಹೊರಳಿದಾಗ ಮಂಕಾಗುತ್ತದೆ, ಮತ್ತೆ ಒಂದು ಗೇಣು ಕೆಳಗೆ ಫಳಕ್. ಹೀಗೆ ಕಾಣದಿದ್ದರೆ ಚಪ್ಪಟೆ ಬದಿಗೆ ಇನ್ನೂ ನಾಲ್ಕು ಸಲ ಅರ ಎಳೆದು ಮತ್ತೆ ಬಿಡಿ. ಒಂದು ಜಿಗ್‌ಗೆ ಐದಾರು ಸಲ ಈ ಓಡಾಟ ಮಾಡಿದ್ದೇನೆ. ಇಲ್ಲಿ ಅವಸರ ಮಾಡಬೇಡಿ.

ತೂತು, ಹೊಳಪು

ಎರಡೂ ತುದಿಯಿಂದ 4 ಮಿಲಿಮೀಟರ್ ಒಳಗೆ ಪಂಚ್‌ನಿಂದ ಗುರುತು ಮಾಡಿ, 2.5 ಮಿಲಿಮೀಟರ್ ಬಿಟ್‌ನಲ್ಲಿ ತೂತು ಕೊರೆಯಿರಿ. ತುಂಡನ್ನು ಕೈಯಲ್ಲಿ ಹಿಡಿದು ಕೊರೆಯಬೇಡಿ. ಬಿಟ್ ಕಚ್ಚಿಕೊಂಡರೆ ಹಿತ್ತಾಳೆ ಗಿರ್ರನೆ ತಿರುಗಿ ಬೆರಳು ಸೀಳುತ್ತದೆ. ತೂತಿನ ಅಂಚನ್ನು ದೊಡ್ಡ ಬಿಟ್‌ನಿಂದ ಕೈಯಲ್ಲೇ ತಿರುವಿ ನಯಮಾಡಿ.

120, 320, 600ರ ಉಜ್ಜುಕಾಗದ ಸರದಿಯಲ್ಲಿ ಸಾಕು. ಅರದ ಅಂಚಿನಿಂದ ದುಂಡು ಬದಿಯ ಮೇಲೆ ಓರೆಗೆರೆ ಎಳೆದರೆ ಹುರುಪೆಯಂತೆ ಬೆಳಕು ಒಡೆಯುತ್ತದೆ. ಬಣ್ಣ ಬೇಕೆಂದರೆ ಉಗುರುಬಣ್ಣ ಹಚ್ಚಬಹುದು. ನಾನು ಬರಿಯ ಹಿತ್ತಾಳೆಯನ್ನೇ ಎಸೆಯುತ್ತೇನೆ. ಉಪ್ಪುನೀರಿಗೆ ಕಪ್ಪಾದಾಗ, ದೇವರ ದೀಪ ತೊಳೆದು ಉಳಿದ ಹುಣಸೆಹುಳಿ ಇದ್ದೇ ಇರುತ್ತದೆ.

ಕೊಕ್ಕೆ

ಎರಡೂ ತೂತಿಗೆ ಕೀಗೊಂಚಲಿನ ಬಳೆಯಂಥ ಸ್ಟೀಲಿನ ಸ್ಪ್ಲಿಟ್ ರಿಂಗ್ ಹಾಕಿ. ಬಂಡೆಯ ಜಾಗದಲ್ಲಿ ಬಾಲಕ್ಕೆ ಮೂರುಮುಳ್ಳಿನ ಕೊಕ್ಕೆ ಬೇಡ, ಮೊದಲ ಎಸೆತಕ್ಕೇ ಸಿಕ್ಕಿಕೊಳ್ಳುತ್ತದೆ. ಒಂಟಿ ಕೊಕ್ಕೆಯನ್ನು ಹೆಣೆದ ಗಟ್ಟಿ ದಾರದ ಗಿಡ್ಡ ಕುಣಿಕೆಯಲ್ಲಿ ತಲೆಯ ಕಡೆ ತೂಗುಬಿಡಿ. ಇದನ್ನು ಅಸಿಸ್ಟ್ ಹುಕ್ ಎನ್ನುತ್ತಾರೆ. ಕೊಕ್ಕೆ ಜಿಗ್‌ನ ಅರ್ಧ ಉದ್ದ ದಾಟಬಾರದು. ಕೊಕ್ಕೆಯ ಬಾಯಿ ಜಿಗ್‌ಗಿಂತ ಅಗಲವಿರಬೇಕು, ಇಲ್ಲವಾದರೆ ಮೈಯೇ ಮುಳ್ಳಿಗೆ ಅಡ್ಡ ನಿಲ್ಲುತ್ತದೆ. ಕಟ್ಟಿ ಮುಗಿದ ಮೇಲೆ ಐದು ಲೀಟರ್ ನೀರಿನ ಕ್ಯಾನನ್ನು ಕೊಕ್ಕೆಗೆ ನೇತುಹಾಕಿ ಹತ್ತು ನಿಮಿಷ ಬಿಡಿ. ಗಂಟು ಜಾರುವುದಾದರೆ ಮನೆಯಲ್ಲೇ ಜಾರಲಿ.

ಮಳೆನೀರಿನ ಕೆಂಪು ಇಳಿದು ಅಳಿವೆ ತಿಳಿಯಾದ ಮೇಲೆ ಎಸೆಯಲು ಹೋಗಿ. ಕಲಕು ನೀರಿನಲ್ಲಿ ಹೊಳಪು ಯಾರಿಗೂ ಕಾಣದು. ಅಲೆ ಬಡಿಯುವ ಪಾಚಿ ಬಂಡೆಯ ಮೇಲೆ ಕಾಲಿಡಬೇಡಿ, ಒಬ್ಬರೇ ಹೋಗಬೇಡಿ. ಅಂಜಲ್ ಓಡಾಡುವ ಜಾಗವಾದರೆ ಜಿಗ್‌ನ ಮುಂದೆ ಒಂದು ಗೇಣು ತೆಳು ಉಕ್ಕಿನ ತಂತಿ ಕಟ್ಟಿ, ಆ ಮೀನಿನ ಹಲ್ಲಿಗೆ ತಂಗೂಸು ನಿಲ್ಲದು. ಜಿಗ್ ತಳ ಮುಟ್ಟಿದೊಡನೆ ಎರಡು ಸಲ ಮೇಲಕ್ಕೆ ಜಗ್ಗಿ, ಮತ್ತೆ ಬೀಳಲು ಬಿಡಿ. ಬೀಳುವಾಗ ದಾರದ ಮೇಲೆ ಕಣ್ಣಿಟ್ಟಿರಿ. ತಳ ಸಿಗುವ ಮೊದಲೇ ದಾರ ಸಡಿಲವಾಗಿ ನಿಂತಿತೆಂದರೆ ಕಾಯಬೇಡಿ, ಎಳೆಯಿರಿ.