ವರದಿ ಕಪಾಟು ಸೇರದಿರಲು: ಶಾಲೆಯ ವಿಶೇಷ ಶಿಕ್ಷಣದಲ್ಲಿ ಮನಶ್ಶಾಸ್ತ್ರಜ್ಞರು ಕೆಲಸ ಮಾಡುವ ಬಗೆ

ಮಗುವನ್ನು ಪರೀಕ್ಷಿಸಿ, ಇಪ್ಪತ್ತು ಪುಟದ ವರದಿ ಬರೆದು, ಶಾಲೆಗೆ ಕೊಟ್ಟು ಬರುವುದು ಸುಲಭ. ಆ ವರದಿ ಮುಖ್ಯೋಪಾಧ್ಯಾಯರ ಕಪಾಟು ಸೇರುತ್ತದೆ, ಪಾಠ ಮಾತ್ರ ಮೊದಲಿನಂತೆಯೇ ನಡೆಯುತ್ತದೆ. ಸೋಮವಾರ ಮೊದಲ ಪಿರಿಯಡ್‌ನಲ್ಲಿ ಶಿಕ್ಷಕಿ ಏನನ್ನು ಬೇರೆ ಥರ ಮಾಡಬೇಕು ಎಂಬುದಕ್ಕೆ ಉತ್ತರ ಸಿಗುವಂತೆ ಮೊದಲ ದಿನದಿಂದಲೇ ಕೆಲಸ ಹೊಂದಿಸಿಕೊಳ್ಳಬೇಕು.

ಒಪ್ಪಂದ, ಒಪ್ಪಿಗೆ

ಶಾಲೆಯೊಂದಿಗೆ ಲಿಖಿತ ಒಪ್ಪಂದ ಇರಲಿ, ಒಂದು ಪುಟ ಸಾಕು. ವಾರಕ್ಕೆ ಎಷ್ಟು ಗಂಟೆ, ಯಾವ ಮಗುವನ್ನು ನೋಡಬೇಕೆಂದು ತೀರ್ಮಾನಿಸುವವರು ಯಾರು, ವರದಿ ಯಾರ ಕೈಗೆ ಹೋಗುತ್ತದೆ ಎಂಬುದು ಅದರಲ್ಲಿರಬೇಕು. ಶಾಲೆಯ ಕಡತಕ್ಕೆ ವರದಿ ಮಾತ್ರ ಸೇರಲಿ. ಪರೀಕ್ಷೆಯ ಪ್ರಶ್ನೆಗಳು, ಮಗುವಿನ ಉತ್ತರದ ಹಾಳೆಗಳು ನಿಮ್ಮ ಬೀಗದಲ್ಲೇ ಇರಲಿ. ಪ್ರಶ್ನೆಗಳು ಹೊರಬಿದ್ದರೆ ಆ ಪರೀಕ್ಷೆಯೇ ಕೆಡುತ್ತದೆ.

ಪೋಷಕರ ಸಹಿ ಪಡೆಯುವ ಮುನ್ನ ಏನನ್ನು ಪರೀಕ್ಷಿಸುತ್ತೀರಿ, ಫಲಿತಾಂಶ ಯಾರೆಲ್ಲ ನೋಡುತ್ತಾರೆ, ಒಪ್ಪದಿದ್ದರೆ ಏನಾಗುತ್ತದೆ ಎಂದು ಅವರಿಗೆ ತಿಳಿಯುವ ಮಾತಿನಲ್ಲಿ ಹೇಳಿ. ಮಗುವಿಗೂ ಹೇಳಬೇಕು. ಶಾಲೆಯಲ್ಲಿ ನೋಡಿದ ಮಗುವನ್ನು ನಿಮ್ಮದೇ ಖಾಸಗಿ ಕ್ಲಿನಿಕ್‌ಗೆ ಕರೆಸಿಕೊಳ್ಳಬೇಡಿ. ಒಮ್ಮೆ ಹಾಗಾದರೆ ಮುಂದಿನ ಪ್ರತಿ ಶಿಫಾರಸಿನಲ್ಲೂ ಜನರಿಗೆ ವ್ಯಾಪಾರವೇ ಕಾಣತೊಡಗುತ್ತದೆ.

ಪ್ರಶ್ನೆ ಯಾವುದು?

‘ಈ ಹುಡುಗಿಯ ಐಕ್ಯೂ ನೋಡಿಬಿಡಿ’ ಎಂದು ಕೇಳುವವರೇ ಹೆಚ್ಚು. ಶಿಕ್ಷಕಿಯ ಜೊತೆ ಇಪ್ಪತ್ತು ನಿಮಿಷ ಕೂತು ಮಾತಾಡಿದರೆ ನಿಜವಾದ ಪ್ರಶ್ನೆ ಹೊರಬರುತ್ತದೆ: ‘ಬಾಯಲ್ಲಿ ಕೇಳಿದರೆ ಇಡೀ ಪಾಠ ಹೇಳುತ್ತಾಳೆ, ಬರೆಯಲು ಕೊಟ್ಟರೆ ಎರಡು ಸಾಲಿಗೇ ನಿಲ್ಲಿಸಿಬಿಡುತ್ತಾಳೆ. ಯಾಕೆ?’ ಈ ಪ್ರಶ್ನೆ ಕೈಯಲ್ಲಿದ್ದರೆ ಯಾವ ಪರೀಕ್ಷೆ ಬೇಕು, ಯಾವುದು ಬೇಡ ಎಂದು ಆರಿಸುವುದು ಸುಲಭ.

ಕಣ್ಣು, ಕಿವಿಯ ತಪಾಸಣೆ ಆಗಿದೆಯೇ ಎಂದು ಆಗಲೇ ವಿಚಾರಿಸಿ. ಆಗಿರದಿದ್ದರೆ ಅದು ಮುಗಿಯುವವರೆಗೆ ಉಳಿದ ಪರೀಕ್ಷೆಗಳನ್ನು ತಡೆಹಿಡಿಯಿರಿ. ಹಾಜರಿ ಪುಸ್ತಕ, ಹಳೆಯ ನೋಟ್‌ಬುಕ್ಕುಗಳು, ಬದಲಿಸಿದ ಶಾಲೆಗಳು, ಮನೆಮಾತು ಇವನ್ನೂ ನೋಡಿ. ತಿಂಗಳುಗಟ್ಟಲೆ ಶಾಲೆ ತಪ್ಪಿಸಿಕೊಂಡ ಮಗುವಿಗೆ, ಅಥವಾ ಪಾಠದ ಭಾಷೆಯೇ ಹೊಸದಾದ ಮಗುವಿಗೆ ಅವಸರದಲ್ಲಿ ಕಲಿಕಾ ನ್ಯೂನತೆಯ ಹಣೆಪಟ್ಟಿ ಬೀಳುವುದು ಇವನ್ನು ನೋಡದೆ ಹೋದಾಗ.

ತರಗತಿಯಲ್ಲಿ ಕೂತು ನೋಡುವುದು

ಹೆಚ್ಚಿನವರು ಬಿಟ್ಟುಬಿಡುವ ಹಂತ ಇದು, ಹೆಚ್ಚು ತಿಳಿಯುವುದೂ ಇಲ್ಲಿಯೇ. ಕನಿಷ್ಠ ಮೂರು ಸಲ ನೋಡಿ: ಮಗುವಿಗೆ ಕಷ್ಟವಾಗುವ ಪಿರಿಯಡ್ ಒಂದು, ಚೆನ್ನಾಗಿ ನಡೆಯುವ ಪಿರಿಯಡ್ ಒಂದು, ಆಟದ ಬಿಡುವು ಒಂದು. ಚೆನ್ನಾಗಿ ನಡೆಯುವ ಪಿರಿಯಡ್ ನೋಡದಿದ್ದರೆ ಯಾವುದು ನೆರವಾಗುತ್ತಿದೆ ಎಂಬುದೇ ತಿಳಿಯುವುದಿಲ್ಲ.

‘ಗಮನವೇ ಇಲ್ಲ’ ಎಂಬ ದೂರಿದ್ದರೆ ಎಣಿಸಿ. 20 ನಿಮಿಷ, ಪ್ರತಿ 15 ಸೆಕೆಂಡಿಗೆ ಆ ಕ್ಷಣ ಮಗು ಕೆಲಸದಲ್ಲಿ ತೊಡಗಿದೆಯೇ ಇಲ್ಲವೇ ಎಂದು ಒಂದು ಗುರುತು, ಒಟ್ಟು 80. ಪ್ರತಿ ಐದನೆಯ ಗುರುತು ಅಕ್ಕಪಕ್ಕದ ಬೇರೆ ಮಗುವಿನದು. ಹೀಗೆ ನಮ್ಮ ಮಗುವಿಗೆ 64, ಸಹಪಾಠಿಗಳಿಗೆ 16 ಗುರುತು ಸಿಗುತ್ತವೆ. ಮಗು 64ರಲ್ಲಿ 32 ಸಲ ಕೆಲಸದಲ್ಲಿ ತೊಡಗಿತ್ತು ಎನ್ನಿ, ಅಂದರೆ ಶೇ 50. ಇದೊಂದನ್ನೇ ನೋಡಿದರೆ ಗಾಬರಿಯಾಗುತ್ತದೆ. ಆದರೆ ಸಹಪಾಠಿಗಳು 16ರಲ್ಲಿ 12, ಅಂದರೆ ಶೇ 75ರಷ್ಟು ಮಾತ್ರ ತೊಡಗಿದ್ದರು. ಅಂತರ ಇದೆ, ಆದರೆ ಆ ಪಿರಿಯಡ್‌ನ ಗುರುತುಗಳಲ್ಲಿ ಕಾಲು ಭಾಗ ಸಹಪಾಠಿಗಳೂ ಪಾಠದ ಹೊರಗಿದ್ದರು. ಇದನ್ನು ಶಿಕ್ಷಕಿಗೆ ಒಬ್ಬರೇ ಇರುವಾಗ ಹೇಳಿ. ನಾಲ್ಕು ಜನರೆದುರು ಹೇಳಿದರೆ ಅವರ ಸಹಕಾರ ಅಲ್ಲಿಗೇ ಮುಗಿಯಿತು.

ರೇಗಾಟ, ಹಾಳೆ ಹರಿಯುವುದು, ಎದ್ದು ಓಡುವುದು ಇದ್ದರೆ ಮೂರು ಅಂಕಣದ ಹಾಳೆ ಬೇಕು: ಅದಕ್ಕೂ ಮೊದಲು ಏನಾಯಿತು, ಮಗು ಏನು ಮಾಡಿತು, ಆಮೇಲೆ ಏನಾಯಿತು. ಬರೆಯುವ ಕೆಲಸ ಕೊಟ್ಟರು, ಹಾಳೆ ಹರಿದ, ಹೊರಗೆ ನಿಲ್ಲಿಸಿದರು. ಇದೇ ಸಾಲು ಮತ್ತೆ ಮತ್ತೆ ಬಂದರೆ, ಶಿಕ್ಷೆ ಎಂದುಕೊಂಡದ್ದು ಹುಡುಗನಿಗೆ ಬರವಣಿಗೆಯಿಂದ ಬಿಡುಗಡೆಯಾಗಿರುವ ಸಾಧ್ಯತೆ ಹೆಚ್ಚು. ಆಗ ಹೊರಗೆ ಕಳಿಸುವುದನ್ನು ನಿಲ್ಲಿಸಿ, ಹತ್ತು ಸಾಲಿನ ಕೆಲಸವನ್ನು ಮೂರಕ್ಕಿಳಿಸಿ, ‘ಸಹಾಯ ಬೇಕು’ ಎಂದು ಕೇಳುವ ದಾರಿಯನ್ನು ಕಲಿಸಬೇಕು.

ಪರೀಕ್ಷೆ

ಇತ್ತೀಚೆಗೆ ಬೇರೆಲ್ಲಾದರೂ ಪರೀಕ್ಷೆ ಆಗಿದೆಯೇ ಎಂದು ಮೊದಲು ಕೇಳಿ. ಅದೇ ಬುದ್ಧಿ ಪರೀಕ್ಷೆಯನ್ನು ಬೇಗನೆ ಮತ್ತೆ ಕೊಟ್ಟರೆ ಅಭ್ಯಾಸದಿಂದ ಅಂಕ ಏರುತ್ತದೆ. ಮಗುವಿಗೆ ಇಷ್ಟವಾದ ಆಟದ ಪಿರಿಯಡ್‌ನಿಂದ ಎಬ್ಬಿಸಿ ತರಬೇಡಿ. ಕನ್ನಡಕ ಹಾಕಿದೆಯೇ, ತಿಂಡಿ ತಿಂದಿದೆಯೇ ನೋಡಿಕೊಳ್ಳಿ.

ಐಕ್ಯೂ ಪರೀಕ್ಷೆಗಳಲ್ಲಿ ಸರಾಸರಿ 100, ಮೂರರಲ್ಲಿ ಎರಡು ಪಾಲು ಮಕ್ಕಳು 85ರಿಂದ 115ರೊಳಗೆ ಬರುತ್ತಾರೆ. 68 ಬಂತು ಎಂದು ಒಂದೇ ಅಂಕೆ ಬರೆಯಬೇಡಿ. ನಿಜವಾದ ಅಂಕ ಎಲ್ಲಿಂದ ಎಲ್ಲಿಯವರೆಗೆ ಇರಬಹುದು ಎಂದು ಪರೀಕ್ಷೆಯ ಕೈಪಿಡಿ ಕೊಡುವ ವ್ಯಾಪ್ತಿಯನ್ನು ಬರೆಯಿರಿ. ಬೌದ್ಧಿಕ ವಿಕಲತೆಗೆ ಸಾಮಾನ್ಯವಾಗಿ ಗಡಿ ಎಂದು ಹಿಡಿಯುವ 70ನ್ನು ಆ ವ್ಯಾಪ್ತಿ ದಾಟುತ್ತಿರಬಹುದು. ಅಂಕ ಕಡಿಮೆ ಎಂದಷ್ಟಕ್ಕೇ ಬೌದ್ಧಿಕ ವಿಕಲತೆ ಎನ್ನಲೂ ಬರುವುದಿಲ್ಲ. ಉಡುವುದು, ಹಣ ಎಣಿಸುವುದು, ಒಬ್ಬರೇ ಓಡಾಡುವುದು, ಮಾತುಕತೆ ಇಂಥ ದಿನನಿತ್ಯದ ಸಾಮರ್ಥ್ಯವನ್ನೂ ಅಳೆಯಬೇಕು, ತೊಂದರೆ ಬಾಲ್ಯದಿಂದಲೇ ಇದೆಯೇ ಎಂದು ನೋಡಬೇಕು. ಇನ್ನೊಂದು ಭಾಷೆಯಲ್ಲಿ ಸಿದ್ಧವಾದ ಪರೀಕ್ಷೆಯನ್ನು ಕೂತಲ್ಲೇ ಅನುವಾದಿಸಿ ಕೇಳಿದರೆ ಅದರ ಅಂಕಗಳಿಗೆ ಬೆಲೆಯಿಲ್ಲ.

ವರದಿ ಮತ್ತು ಸಭೆ

ಮೊದಲ ಪುಟದಲ್ಲೇ ಶಾಲೆಯ ಪ್ರಶ್ನೆ, ಅದಕ್ಕೆ ಉತ್ತರ, ಮಾಡಬೇಕಾದದ್ದು ಇರಲಿ. ಅಂಕಪಟ್ಟಿ ಕೊನೆಗೆ. ಶಿಫಾರಸು ಮೂರೋ ನಾಲ್ಕೋ ಸಾಕು. ಹದಿನಾಲ್ಕು ಬರೆದರೆ ಒಂದೂ ನಡೆಯುವುದಿಲ್ಲ. ‘ಓದಿಗೆ ವಿಶೇಷ ಗಮನ ಕೊಡಿ’ ಎಂಬುದು ಯಾರಿಗೂ ಕೆಲಸ ಹಚ್ಚುವುದಿಲ್ಲ. ‘ವಿಶೇಷ ಶಿಕ್ಷಕಿ ವಾರಕ್ಕೆ ನಾಲ್ಕು ದಿನ, ದಿನಕ್ಕೆ 25 ನಿಮಿಷ, ಮೂವರು ಮಕ್ಕಳ ಗುಂಪಿನಲ್ಲಿ ಒತ್ತಕ್ಷರದ ಪದಗಳನ್ನು ಓದಿಸುವುದು’ ಎಂದು ಬರೆದರೆ ಮಾತ್ರ ವೇಳಾಪಟ್ಟಿಯಲ್ಲಿ ಜಾಗ ಸಿಗುತ್ತದೆ. ಹೆಚ್ಚುವರಿ ಸಮಯ, ಬರೆದುಕೊಡುವ ಸಹಾಯಕರು ಇವು ಅದೇ ಪಾಠವನ್ನು ತಲುಪುವ ದಾರಿಗಳು. ಪಾಠವನ್ನೇ ಕಡಿಮೆ ಮಾಡುವುದು ಬೇರೆ ನಿರ್ಧಾರ. ಮುಂದಿನ ತರಗತಿಗಳ ಮೇಲೂ ಅದರ ಪರಿಣಾಮ ಇರುವುದರಿಂದ ಪೋಷಕರಿಗೆ ಬಿಡಿಸಿ ಹೇಳಿ.

ವರದಿಯನ್ನು ಚರ್ಚಿಸಲು ಶಾಲೆಯಲ್ಲಿ ಎಲ್ಲರೂ ಸೇರುವ ಸಭೆಗೆ ಮುಂಚೆಯೇ ಪೋಷಕರನ್ನು ಬೇರೆಯಾಗಿ ಕಾಣಿ. ತಮ್ಮ ಮಗುವಿನ ತೊಂದರೆಯ ಹೆಸರನ್ನು ಅವರು ಆರು ಜನರ ಎದುರು ಮೊದಲ ಸಲ ಕೇಳುವಂತಾಗಬಾರದು.

ಗುರಿ ಮತ್ತು ಅಳತೆ

ಆ ಮಗುವಿಗೆಂದೇ ಗುರಿ, ನೆರವುಗಳನ್ನು ಬರೆದಿಡುವ ವೈಯಕ್ತಿಕ ಶಿಕ್ಷಣ ಯೋಜನೆಯಲ್ಲಿ ‘ಓದು ಸುಧಾರಿಸುವುದು’ ಎಂದು ಬರೆದರೆ ಅಳೆಯಲಾಗದು. ತರಗತಿ ಮಟ್ಟದ ಮೂರು ಹೊಸ ಗದ್ಯಗಳನ್ನು ಒಂದೊಂದು ನಿಮಿಷ ಓದಿಸಿ, ಸರಿಯಾಗಿ ಓದಿದ ಪದಗಳನ್ನು ಎಣಿಸಿ, ಮೂರರಲ್ಲಿ ನಡುವಿನ ಅಂಕೆ ತೆಗೆದುಕೊಳ್ಳಿ. ಅದು 24 ಆಗಿದ್ದು 20 ವಾರದಲ್ಲಿ 44 ಮುಟ್ಟಬೇಕಾದರೆ ವಾರಕ್ಕೊಂದು ಪದ ಹೆಚ್ಚಬೇಕು. ಇಂಗ್ಲಿಷ್ ಓದಿನ ಸಿದ್ಧ ಮಾನದಂಡಗಳನ್ನು ಬೇರೆ ಭಾಷೆಗೆ ಹಚ್ಚಬೇಡಿ, ಪದಗಳ ಉದ್ದವೇ ಬೇರೆ. ಅದೇ ತರಗತಿಯ ಉಳಿದ ಮಕ್ಕಳ ಅಂಕೆಗಳಲ್ಲಿ ನಡುವಿನದನ್ನು ನೋಡಿ ಗುರಿ ಇಡಿ.

ಒಂದು ನಕ್ಷೆಯ ಹಾಳೆಯಲ್ಲಿ ಇಂದಿನ ಅಂಕೆಯಿಂದ ಗುರಿಯವರೆಗೆ ಗೆರೆ ಎಳೆಯಿರಿ. ವಾರಕ್ಕೊಮ್ಮೆ ಹೀಗೆ ಓದಿಸಿ ಒಂದು ಚುಕ್ಕಿ ಇಟ್ಟು, ಆ ಗುರಿಯ ಗೆರೆಯ ಕೆಳಗೆ ಸತತ ನಾಲ್ಕು ಚುಕ್ಕಿ ಬಿದ್ದರೆ ಪಾಠದ ಕ್ರಮ ಬದಲಿಸಿ. ಅದಕ್ಕೂ ಮುಂಚೆ, ಹೇಳಿದ ಪಾಠ ನಿಜಕ್ಕೂ ನಡೆಯಿತೇ ಎಂದು ನೋಡಿ. ವಾರಕ್ಕೆ ನಾಲ್ಕು ದಿನದ ಪಾಠ ಎರಡೇ ದಿನ ಆಗಿದ್ದರೆ ಯೋಜನೆ ಸೋತಿಲ್ಲ, ಇನ್ನೂ ಶುರುವೇ ಆಗಿಲ್ಲ. ಬಹುತೇಕ ಕಡೆ ಅಡಚಣೆ ಇಲ್ಲೇ ಇರುತ್ತದೆ: ವಿಶೇಷ ಶಿಕ್ಷಕಿಯನ್ನು ಬಾರದ ಶಿಕ್ಷಕರ ತರಗತಿಗೆ ಕಳಿಸಿರುತ್ತಾರೆ. ಅದನ್ನು ಸರಿಪಡಿಸಲು ಮುಖ್ಯೋಪಾಧ್ಯಾಯರ ಬಳಿಯೇ ಮಾತಾಡಬೇಕು, ಶಿಕ್ಷಕಿಯನ್ನು ದೂರಿ ಫಲವಿಲ್ಲ.

ಸಭೆಯ ನಂತರದ ಮೊದಲ ಭೇಟಿ ಎರಡು ವಾರಕ್ಕೆ, ಮುಂದಿನದು ಆರು ವಾರಕ್ಕೆ ಎಂದು ಸಭೆಯಲ್ಲೇ ದಿನಾಂಕ ಬರೆಸಿಕೊಳ್ಳಿ. ವರ್ಷದ ಕೊನೆಗೆ, ಮುಂದಿನ ತರಗತಿಯ ಶಿಕ್ಷಕರಿಗೆ ಆ ಮೊದಲ ಪುಟವನ್ನೂ ಚುಕ್ಕಿಗಳ ಹಾಳೆಯನ್ನೂ ರಜೆಗೆ ಮುಂಚೆಯೇ ಕೈಗೆ ಕೊಟ್ಟು, ಹಳೆಯ ಶಿಕ್ಷಕಿಯ ಜೊತೆ ಅರ್ಧ ಗಂಟೆ ಕೂರಿಸಿ.